ಮೇ 31ಕ್ಕೆ ಕಚೇರಿ ಮುಗಿಯುತ್ತದೆ, ಆಮೇಲೆ ಮಿರಗದ ಮಳೆ

ಪ್ರಶ್ನೆ: ನನಗೆ 58 ವರ್ಷ. ಧಾರವಾಡದ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ಹುಟ್ಟಿದ ದಿನ ಜೂನ್ 1. ಹಾಗಾಗಿ ಮುಂದಿನ ವರ್ಷ ಮೇ 31ಕ್ಕೆ ನಿವೃತ್ತಿ. ಈ ಸಲ ಯುಗಾದಿ ಹೊತ್ತಿಗೆ ಕಚೇರಿ ಅಂಗಳದ ಹೊಂಗೆ ಮರ ಬೋಳಾಗಿ, ನೋಡನೋಡುತ್ತಲೇ ಹಸಿರಾಯಿತು. ಕಿಟಕಿಯಲ್ಲಿ ನಿಂತು ನೋಡುವಾಗ ಕಣ್ಣಲ್ಲಿ ನೀರು ಬಂತು. ಎಷ್ಟೋ ವರ್ಷದಿಂದ ಅದರ ಕೆಳಗೇ ಸ್ಕೂಟಿ ನಿಲ್ಲಿಸುತ್ತಿದ್ದೇನೆ, ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಮನೆಯವರು ನಿವೃತ್ತರಾಗಿ ಎರಡು ವರ್ಷವಾಯಿತು, ಟಿವಿ ಮುಂದಿನಿಂದ ಏಳುವುದಿಲ್ಲ. ಬೆಂಗಳೂರಿನಲ್ಲಿರುವ ಮಗಳು, ‘ಅವ್ವಾ, ರಿಟೈರ್ ಆದ ಕೂಡಲೇ ಇಲ್ಲಿಗೇ ಬಂದುಬಿಡು, ಮಗುವನ್ನು ನೋಡಿಕೊಳ್ಳೋರು ಬೇಕು’ ಅನ್ನುತ್ತಾಳೆ. ನನಗೋ ಮಳೆ, ಚಳಿ, ಹೊಲ, ಕೆರೆ ಎಲ್ಲ ಕಣ್ತುಂಬ ನೋಡಬೇಕು ಅನ್ನುವ ಆಸೆ. ಊರೂರು ತಿರುಗಲು ದುಡ್ಡೂ ಇಲ್ಲ, ಮೊಣಕಾಲೂ ಇಲ್ಲ. ಇದು ವಯಸ್ಸಾದವರ ಹುಚ್ಚೋ ಏನೋ? ನಿವೃತ್ತಿಗೆ ಮುಂಚೆ ನಾನು ಏನು ಮಾಡಬಹುದು?

ಉತ್ತರ: ಅಕ್ಕಾವ್ರೆ, ಇದು ಹುಚ್ಚಲ್ಲ. ಆ ಮರ ನಿಮಗೆ ಇಷ್ಟು ವರ್ಷ ಯಾಕೆ ಕಾಣಲಿಲ್ಲ ಅನ್ನುವುದಕ್ಕೆ ಸರಳವಾದ ಕಾರಣವೊಂದಿದೆ. ನಮ್ಮ ಕಡೆ ಹೊಂಗೆ ಎಲೆ ಉದುರಿಸಿ ಚಿಗುರುವುದು ಫೆಬ್ರುವರಿ ಕೊನೆಯಿಂದ ಏಪ್ರಿಲ್ ಒಳಗೆ. ಕಚೇರಿಯಲ್ಲಿ ಅದು ‘ಮಾರ್ಚ್ ಎಂಡ್’. ಅನುದಾನ ವಾಪಸ್ ಹೋಗದ ಹಾಗೆ ನೋಡಿಕೊಳ್ಳಬೇಕು, ಬಿಲ್ಲು ಖಜಾನೆಗೆ ಮುಟ್ಟಿಸಬೇಕು, ರಾತ್ರಿ ಎಂಟಾದರೂ ಲೈಟ್ ಆರುವುದಿಲ್ಲ. ವರ್ಷದಲ್ಲಿ ಮರ ಎಲ್ಲಕ್ಕಿಂತ ಚೆಂದ ಕಾಣುವ ಆ ಹತ್ತು ಹದಿನೈದು ದಿನವೇ ನೀವು ತಲೆ ಎತ್ತಲು ಆಗದ ದಿನಗಳು. ಮುತ್ತುಗ ಅರಳುವುದೂ ಅದೇ ಹೊತ್ತಿಗೆ. ಬೇವು ಹೂ ಬಿಡುವುದೂ ಆಗಲೇ. ಸರ್ಕಾರಿ ಕೆಲಸದವರು, ಬ್ಯಾಂಕಿನವರು, ಪರೀಕ್ಷೆ ನಡೆಸುವ ಶಿಕ್ಷಕರು ಈ ನಾಡಿನ ವಸಂತವನ್ನು ಇಡೀ ಸರ್ವಿಸ್‌ನಲ್ಲಿ ಸರಿಯಾಗಿ ನೋಡಿರುವುದೇ ಇಲ್ಲ.

ಕಣ್ಣೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಚೆಂದದ್ದು ಕಂಡು ಕಣ್ಣು ತುಂಬಿ, ಆಮೇಲೆ ಮನಸ್ಸು ಹಗುರಾದರೆ ಹೆದರಬೇಕಾಗಿಲ್ಲ. ಆದರೆ ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಸರಿ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕಿ ಏನು ಮಾಡಬೇಕು ಅನ್ನಿಸುತ್ತಿದೆ ಎಂದಾದರೆ ಅದಕ್ಕೆ ಮರ ನೋಡುವುದು ಔಷಧಿಯಲ್ಲ. ನಿಮ್ಮೂರಿನಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರ ಓದಿದರೆ ಈ ಮಾತು ನಿಮಗಿಂತ ನಿಮ್ಮ ಮನೆಯವರಿಗೆ ಜಾಸ್ತಿ ಬೇಕಾದೀತು ಅನ್ನಿಸುತ್ತದೆ. ಎರಡು ವರ್ಷ ಟಿವಿ ಬಿಟ್ಟು ಏಳದವರನ್ನು ‘ಸೋಮಾರಿ’ ಅಂದುಬಿಡುವುದು ಸುಲಭ. ಕಣ್ಣು, ಕಿವಿ, ಬಿಪಿ, ಶುಗರ್ ಒಮ್ಮೆ ತೋರಿಸಿ. ಮನಸ್ಸಿಗೆ ಹೇಗಿದೆ ಅಂತ ಡಾಕ್ಟರ ಎದುರಿಗೇ ಕೇಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಿವೃತ್ತಿಗೆ ಮುಂಚೆ ಏನು ಮಾಡಬಹುದು?

ಒಂದು ಮರ ಮತ್ತು ಒಂದು ಹೊಲ ಗೊತ್ತು ಮಾಡಿಕೊಳ್ಳಿ. ಇಂದಿನಿಂದ ಮುಂದಿನ ಮೇ 31ರವರೆಗೆ ಅವನ್ನು ಬಿಡಬೇಡಿ. ನಾನು ಹೇಳುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ. ನಿಮ್ಮ ಅದೃಷ್ಟ ನೋಡಿ, ನಿಮ್ಮ ಕೈಯಲ್ಲಿ ಹತ್ತಿರ ಹತ್ತಿರ ಒಂದು ಪೂರ್ತಿ ಸುತ್ತು ಇದೆ. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ.

ಯಾಕೆ ಈಗಲೇ? ನಿವೃತ್ತಿಯ ಮರುದಿನ ಹೋಗುವುದು ಸಂಬಳ ಒಂದೇ ಅಲ್ಲ, ಕ್ಯಾಲೆಂಡರ್ ಕೂಡ ಹೋಗುತ್ತದೆ. ಸೋಮವಾರದ ಮೀಟಿಂಗು, ಎರಡನೇ ಶನಿವಾರದ ರಜೆ, ತಿಂಗಳ ಕೊನೆಯ ಸಂಬಳದ ಬಿಲ್ಲು, ಮಾರ್ಚ್ ಎಂಡ್ ಇವೇ ಮೂವತ್ತು ಚಿಲ್ಲರೆ ವರ್ಷ ನಿಮ್ಮ ದಿನಗಳಿಗೆ ಆಕಾರ ಕೊಟ್ಟಿದ್ದವು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ ನಿವೃತ್ತಿಯನ್ನು ಹಂತಗಳಾಗಿ ವಿವರಿಸಿದ್ದಾರೆ. ಮೊದಲು ಹನಿಮೂನಿನಂಥ ಕಾಲ, ಆಮೇಲೆ ಒಂದು ಖಾಲಿತನ, ಅದು ದಾಟಿದ ಮೇಲೆ ಹೊಸದಾಗಿ ನೆಲೆಯೂರುವುದು. ನಮ್ಮಲ್ಲೂ ಅದೇ ಅಲ್ವಾ? ಮೊದಲ ಆರು ತಿಂಗಳು ಕಾಶಿ, ರಾಮೇಶ್ವರ, ನೆಂಟರ ಮದುವೆ. ಆಮೇಲೆ ಬೆಳಗ್ಗೆ ಎದ್ದರೆ ಇವತ್ತು ಯಾವ ವಾರ ಅನ್ನುವುದೇ ನೆನಪಾಗುವುದಿಲ್ಲ. ಕಚೇರಿಯ ಕ್ಯಾಲೆಂಡರ್ ಕಳಚಿ ಬೀಳುವ ಮುಂಚೆಯೇ ಇನ್ನೊಂದು ಕ್ಯಾಲೆಂಡರ್ ರೂಢಿಯಾಗಿದ್ದರೆ ಆ ಖಾಲಿತನ ಅಷ್ಟಾಗಿ ಕಾಡುವುದಿಲ್ಲ. ಹೊಸ ರೂಢಿಯನ್ನು ಖಾಲಿ ಕೂತಾಗ ಬೆಳೆಸುವುದಕ್ಕಿಂತ ಕೆಲಸದ ನಡುವೆಯೇ ಬೆಳೆಸುವುದು ಸುಲಭ. ಇದು ನಿವೃತ್ತಿಯ ಅಂಚಿನಲ್ಲಿರುವವರ ಜೊತೆ ಮಾತಾಡುತ್ತ ಬಂದ ನನ್ನ ಅನುಭವ.

ಆ ಇನ್ನೊಂದು ಕ್ಯಾಲೆಂಡರನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಅದು ಮಳೆ ನಕ್ಷತ್ರಗಳ ಲೆಕ್ಕ, ನಿಮ್ಮ ಅಜ್ಜ ಅದನ್ನು ಬಾಯಿಪಾಠ ಹೇಳುತ್ತಿದ್ದಿರಬೇಕು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಹಿಡಿದರೆ ನವೆಂಬರಿನ ವಿಶಾಖದವರೆಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ರೋಹಿಣಿ ಮೇ 25ರ ಸುಮಾರಿಗೆ ಹಿಡಿಯುತ್ತದೆ. ಮೃಗಶಿರಾ, ಅಂದರೆ ನಿಮ್ಮ ಕಡೆಯ ಮಿರಗ, ಜೂನ್ 7-8ಕ್ಕೆ. ಆರಿದ್ರಾ ಜೂನ್ 21-22ಕ್ಕೆ. ‘ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ’, ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನುವ ಮಾತು ಹುಟ್ಟಿದ್ದು ಬಿತ್ತನೆಯ ಲೆಕ್ಕದಿಂದ. ಈಗ ಮಳೆ ಈ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ, ರೈತರಿಗೆ ಅದರ ನೋವು ಚೆನ್ನಾಗಿ ಗೊತ್ತು. ಆದರೆ ಮಳೆ ಬಂತೋ ಇಲ್ಲವೋ, ಯಾವಾಗ ಬಂತು ಅಂತ ನೋಡುವುದಕ್ಕೆ ಈ ಹೆಸರುಗಳು ಇವತ್ತಿಗೂ ಒಳ್ಳೆಯ ಗೂಟಗಳು. ನಿಮ್ಮ ನಿವೃತ್ತಿ ರೋಹಿಣಿಯಲ್ಲಿ ಬೀಳುತ್ತದೆ. ವಾರ ಕಳೆದರೆ ಮಿರಗ. ಜೂನ್ 1ರ ಹುಟ್ಟಿದ ದಿನ ಬರೆಸಿಕೊಂಡ ನಿಮ್ಮ ತಲೆಮಾರಿನ ಎಷ್ಟೋ ನೌಕರರು ಹೀಗೆ ಮುಂಗಾರಿನ ಬಾಗಿಲಲ್ಲೇ ಕಚೇರಿಯಿಂದ ಹೊರಗೆ ಬರುತ್ತಾರೆ. ಆ ಮಾಸ್ತರರು ಗೊತ್ತಿಲ್ಲದೆಯೇ ಒಳ್ಳೆಯ ಮುಹೂರ್ತ ಇಟ್ಟಿದ್ದಾರೆ.

ಮಿರಗದ ಮೊದಲ ಹದ ಮಳೆ ಆದ ಮರುದಿನ ಬೆಳಗ್ಗೆ ಯಾವುದಾದರೂ ಹೊಲದ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಅಲ್ಲದಿದ್ದರೂ ಒಂದು ಕಲ್ಲಿನ ಮೇಲೆ ಕೂತು ನೆಲ ನೋಡಿ. ಉಗುರಿನಗಲದ, ಮಖಮಲ್ಲಿನಂಥ ಮೈಯ ಕೆಂಪು ಹುಳ ಮಣ್ಣಿನಿಂದ ಮೇಲೆ ಬಂದಿರುತ್ತದೆ. ಮಿರಗದ ಹುಳ. ಎಂಟು ಕಾಲು, ಆದ್ದರಿಂದ ಅದು ಕೀಟವಲ್ಲ, ಜೇಡದ ನೆಂಟ. ವರ್ಷದ ಹೆಚ್ಚು ಭಾಗ ನೆಲದೊಳಗೇ ಇರುತ್ತದೆ, ಮೊದಲ ಮಳೆಗೆ ಹೊರಗೆ ಬರುತ್ತದೆ, ಕೆಲವೇ ದಿನ ಕಾಣುತ್ತದೆ. ಚಿಕ್ಕವರಿದ್ದಾಗ ಬೆಂಕಿಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಇಟ್ಟುಕೊಂಡ ನೆನಪು ನಿಮಗೂ ಇರಬಹುದು. ಅದು ಈಗಲೂ ಬರುತ್ತದೆ. ಹೊರಗೆ ಬಂದಾಗ ನಾವು ಕಚೇರಿಯಲ್ಲಿರುತ್ತೇವೆ, ಅಷ್ಟೇ.

ಮರದ ವಿಷಯಕ್ಕೆ ಬಂದರೆ ನಿಮ್ಮ ಹೊಂಗೆಯೇ ಇರಲಿ, ಬೇರೆ ಹುಡುಕಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಊಟದ ಬಿಡುವಿನಲ್ಲಿ ಐದು ನಿಮಿಷ ಅದರ ಹತ್ತಿರ ನಿಲ್ಲಿ. ಈಗ ಎಲೆ ಎಷ್ಟು ಎಳೆಯದು, ಹೂ ಇದೆಯೋ, ಕಾಯಿ ಇದೆಯೋ, ಯಾವ ಕೊಂಬೆ ಮುಂದು ಯಾವುದು ಹಿಂದು ಅಂತ ಹಳೇ ಡೈರಿಯಲ್ಲಿ ಒಂದು ಸಾಲು ಬರೆಯಿರಿ. ಚಿಗುರಿನ ಹಿಂದೆಯೇ ಹೂ ಬರುತ್ತದೆ. ತಿಳಿ ನೇರಳೆ ಬೆರೆತ ಬಿಳಿ ಹೂ ರಾತ್ರಿ ಉದುರಿ, ಬೆಳಗ್ಗೆ ನಿಮ್ಮ ಸ್ಕೂಟಿಯ ಸೀಟಿನ ಮೇಲೆ ಚುರಮುರಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಒಂದನ್ನು ಕೈಯಲ್ಲಿ ಹಿಡಿದು ನೋಡಿ, ಅವರೆ ಹೂವಿನ ಆಕಾರವೇ. ಎರಡೂ ಒಂದೇ ಕುಟುಂಬ. ಮಳೆಗಾಲದಲ್ಲಿ ಎಲೆ ತಿರುಗಿಸಿದರೆ ಬಿಳಿ ಗೀಟುಗಳು ಹಾವಿನ ಹಾಗೆ ಹರಿದಿರುತ್ತವೆ. ಎಲೆಯ ಎರಡು ಪದರದ ನಡುವೆ ಸಣ್ಣ ಹುಳವೊಂದು ಮೇಯುತ್ತ ಹೋದ ದಾರಿ ಅದು. ಇನ್ನು ಕೆಲವು ಎಲೆಗಳ ಮೇಲೆ ಹಸಿರು ಗಂಟುಗಳು ಎದ್ದಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಎಲೆಯಿಂದಲೇ ಮನೆ ಕಟ್ಟಿಸಿಕೊಂಡಿವೆ. ಮರಕ್ಕೆ ರೋಗ ಬಂತು ಅಂತ ಗಾಬರಿಯಾಗಬೇಡಿ, ಹೊಂಗೆ ಇದನ್ನೆಲ್ಲ ತಾಳಿಕೊಂಡೇ ಇರುತ್ತದೆ. ಕಾಯಿಯದು ಇನ್ನೂ ನಿಧಾನ. ಈ ಬೇಸಿಗೆಯ ಹೂ ಕಾಯಾಗಿ ಬಲಿಯುವುದಕ್ಕೆ ಸುಮಾರು ಹತ್ತು ತಿಂಗಳು ಬೇಕು. ಅಂದರೆ ಈ ವರ್ಷ ನೀವು ನೋಡುವ ಹೂವಿನ ಕಾಯಿ ಒಣಗಿ ಬೀಳುವುದು ನಿಮ್ಮ ನಿವೃತ್ತಿಯ ಹೊತ್ತಿಗೆ.

ಇಷ್ಟು ಬರೆದದ್ದು ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಸೀಸನ್‌ವಾಚ್ ಅಂತ ದೇಶದಾದ್ಯಂತ ಜನರೇ ಮರಗಳನ್ನು ವಾರವಾರ ಗಮನಿಸಿ ದಾಖಲಿಸುವ ಒಂದು ಯೋಜನೆ ಇದೆ. ಅದರಲ್ಲಿ ನಿಮ್ಮ ಹೊಂಗೆಯನ್ನೂ ಸೇರಿಸಬಹುದು. ಋತು ಹೇಗೆ ಏರುಪೇರಾಗುತ್ತಿದೆ ಅನ್ನುವುದು ತಿಳಿಯುವುದು ಇಂಥ ಸಾವಿರಾರು ಸಾಲುಗಳಿಂದಲೇ. ಮೂವತ್ತು ವರ್ಷ ಕಡತ ಇಟ್ಟವರಿಗಿಂತ ಚೆನ್ನಾಗಿ ಈ ಕೆಲಸ ಯಾರು ಮಾಡಬಲ್ಲರು ಹೇಳಿ?

ಇನ್ನು ಹೊಲ. ಧಾರವಾಡದಲ್ಲಿ ಇರುವವರಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ, ಅಲ್ಲಿಯವರೇ ಅದನ್ನು ಮರೆತಿರುತ್ತಾರೆ. ನಿಮ್ಮೂರು ಮಲೆನಾಡಿಗೂ ಬಯಲುಸೀಮೆಗೂ ನಡುವೆ ಕೂತಿದೆ. ಹಳಿಯಾಳದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಭತ್ತದ ಗದ್ದೆ, ತೇಗ, ಜಿಟಿಜಿಟಿ ಮಳೆ. ನವಲಗುಂದದ ಬಸ್ಸು ಹತ್ತಿದರೆ ಮರವೇ ಇಲ್ಲದ ಎರೆಭೂಮಿ, ಕಣ್ಣು ಹರಿಯುವಷ್ಟು ದೂರ ಬಯಲು. ಮೊಣಕಾಲು ನೋವಿದ್ದರೂ ಕಿಟಕಿ ಪಕ್ಕದ ಸೀಟು ಸಾಕು. ದುಡ್ಡಿನ ಮಾತು ಹೇಳಿದಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಪ್ರಯಾಣ ಉಚಿತ. ಎರಡನೇ ಮತ್ತು ನಾಲ್ಕನೇ ಶನಿವಾರ ನಿಮಗೆ ರಜೆಯೂ ಇದೆ. ಒಂದು ಶನಿವಾರ ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ. ಆದರೆ ಪ್ರತಿ ಸಲ ಹೊಸ ಜಾಗ ಹುಡುಕಬೇಡಿ. ಅದೇ ರಸ್ತೆ, ಅದೇ ಕೆರೆ, ಆದರೆ ಬೇರೆ ತಿಂಗಳು. ಬದಲಾವಣೆ ಕಣ್ಣಿಗೆ ಹತ್ತುವುದು ಜಾಗ ಒಂದೇ ಆಗಿದ್ದಾಗ ಮಾತ್ರ. ಹತ್ತು ಊರು ಒಮ್ಮೊಮ್ಮೆ ನೋಡಿ ಬಂದವರ ಹತ್ತಿರ ಫೋಟೋ ಇರುತ್ತದೆ. ಒಂದೇ ಹೊಲವನ್ನು ಹತ್ತು ಸಲ ನೋಡಿದವರಿಗೆ ಆ ಹೊಲದವರ ಕಷ್ಟಸುಖವೂ ಗೊತ್ತಾಗಿರುತ್ತದೆ.

ಎರೆಭೂಮಿಯ ನಿಜವಾದ ಸೊಗಸು ಹಿಂಗಾರಿಯಲ್ಲಿ. ಮುಂಗಾರಿನ ಹೆಸರುಕಾಳಿನ ಬೆಳೆ ಕಿತ್ತ ಮೇಲೆ ಬಿಳಿಜೋಳ, ಕಡಲೆ, ಕುಸುಬೆ, ಗೋದಿ ಬಿತ್ತುತ್ತಾರೆ. ಆಮೇಲೆ ಮಳೆ ಹೆಚ್ಚೇನೂ ಬರುವುದಿಲ್ಲ. ಕರಿಮಣ್ಣು ಹಿಡಿದಿಟ್ಟುಕೊಂಡ ತೇವ ಮತ್ತು ಇಬ್ಬನಿಯಲ್ಲೇ ಬೆಳೆ ಬರುತ್ತದೆ. ಡಿಸೆಂಬರಿನಲ್ಲಿ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಹೊಲದವರನ್ನು ಕೇಳಿ, ಕಡಲೆ ಗಿಡದ ಮೇಲೆ ಅಂಗೈ ಸವರಿ ನಾಲಿಗೆಗೆ ಹಚ್ಚಿ ನೋಡಿ. ಹುಳಿ! ಗಿಡದ ರೋಮಗಳಿಂದ ಒಸರುವ ಆಮ್ಲ ಇಬ್ಬನಿಯಲ್ಲಿ ಕರಗಿರುತ್ತದೆ. ರಾತ್ರಿ ಕಡಲೆ ಹೊಲದ ಮೇಲೆ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಆ ಹುಳಿಯನ್ನು ಶೇಖರಿಸುತ್ತಿದ್ದ ಮನೆಗಳಿದ್ದವು, ಹೊಟ್ಟೆನೋವಿಗೆ ಮದ್ದು ಅಂತ. ಸೀಗಿ ಹುಣ್ಣಿಮೆಗೋ ಎಳ್ಳ ಅಮಾವಾಸ್ಯೆಗೋ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಚೆಲ್ಲುವ ಪೂಜೆಗೆ, ಯಾರಾದರೂ ಕರೆದರೆ ಇಲ್ಲ ಅನ್ನಬೇಡಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಹೊಲದಲ್ಲೇ ಕೂತು ಉಣ್ಣುವುದರ ರುಚಿ ಬೇರೆಯೇ. ನಿಮ್ಮ ಕಚೇರಿಯಲ್ಲೇ ಹೊಲ ಇರುವ ಗ್ರೂಪ್ ‘ಡಿ’ ನೌಕರರೋ ಚಾಲಕರೋ ಇರುತ್ತಾರೆ. ಇಷ್ಟು ವರ್ಷ ‘ಮೇಡಂ’ ಅಂದವರ ಹೊಲಕ್ಕೆ ನೀವಾಗಿ ಬರುತ್ತೇನೆ ಅಂದರೆ ಅವರಿಗೆ ಆಗುವ ಖುಷಿ ದೊಡ್ಡದು. ನಿವೃತ್ತಿಯ ನಂತರವೂ ಉಳಿಯುವ ಸ್ನೇಹ ಹೀಗೆ ಶುರುವಾಗುತ್ತದೆ.

ಚಳಿಗಾಲದಲ್ಲಿ ಒಂದೇ ಒಂದು ದೂರದ ಪ್ರಯಾಣ ಮಾಡುವುದಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಪಟ್ಟೆ ತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಹಕ್ಕಿಗಳು ಇವು, ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ ಮಾನ್ಯತೆ ಸಿಕ್ಕಿತು. ಮನೆಯವರನ್ನು ಕರೆದುಕೊಂಡು ಹೋಗಬೇಕಾದದ್ದು ಇಲ್ಲಿಗೆ. ‘ವಾಕಿಂಗ್ ಬನ್ರಿ’ ಅಂದರೆ ಏಳದ ಗಂಡಸರು ‘ಹಿಮಾಲಯ ದಾಟಿ ಬಂದಾವಂತ, ನೋಡ್ಕೊಂಡು ಬರೋಣ’ ಅಂದರೆ ಎದ್ದಾರು. ಅವರಿಗೊಂದು ಕೆಲಸ ವಹಿಸಿ. ಬಸ್ಸಿನ ಹೊತ್ತು ವಿಚಾರಿಸುವುದೋ, ಹಕ್ಕಿ ಎಣಿಸುವುದೋ, ಏನಾದರೂ ಸರಿ. ಬರದಿದ್ದರೆ ಜಗಳ ಬೇಡ, ನೀವು ಹೋಗಿ ಬನ್ನಿ. ಹಿಂದೆ ಬಂದು ಏನು ಕಂಡಿರಿ ಅಂತ ಊಟದ ಹೊತ್ತಿಗೆ ಹೇಳಿ.

ಇಂಥ ತಿರುಗಾಟದಿಂದ ಆಗುವುದೇನು ಅಂತ ಕೇಳುವವರಿಗೆ ಒಂದು ಅಧ್ಯಯನ ಹೇಳುತ್ತೇನೆ. 2020ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಸಂಶೋಧಕರು 60ರಿಂದ 90 ವರ್ಷದ 52 ಜನರನ್ನು ಎಂಟು ವಾರ, ವಾರಕ್ಕೆ ಒಂದು ಸಲ, 15 ನಿಮಿಷ ನಡೆಯಲು ಹೇಳಿದ್ದರು. ಅರ್ಧ ಜನಕ್ಕೆ ಸುಮ್ನೆ ನಡೆಯಿರಿ ಅಂದರು. ಉಳಿದವರಿಗೆ ಮಕ್ಕಳ ಕಣ್ಣಿನಿಂದ ನೋಡುತ್ತ, ಬೆರಗಾಗುವಂಥದ್ದನ್ನು ಹುಡುಕುತ್ತ ನಡೆಯಿರಿ ಅಂದರು. ಎಲ್ಲರೂ ನಡಿಗೆಯಲ್ಲಿ ಸೆಲ್ಫಿ ತೆಗೆಯಬೇಕಿತ್ತು. ಬೆರಗು ಹುಡುಕಿದವರಲ್ಲಿ ಖುಷಿ, ಕೃತಜ್ಞತೆ ಜಾಸ್ತಿಯಾಯಿತು. ವಾರ ಕಳೆದ ಹಾಗೆ ಅವರ ಸೆಲ್ಫಿಯಲ್ಲಿ ತಮ್ಮ ಮುಖ ಚಿಕ್ಕದಾಗುತ್ತ, ಹಿಂದಿನ ನೋಟ ದೊಡ್ಡದಾಗುತ್ತ ಹೋಯಿತು. ಕುರ್ಚಿ, ಸಹಿ, ಸೀಲು ಇದ್ದ ದೊಡ್ಡತನ ಬಿಟ್ಟುಹೋಗುವ ವಯಸ್ಸಿನಲ್ಲಿ ಇದು ಎಷ್ಟು ಬೇಕಾದದ್ದು ಅಂತ ಯೋಚಿಸಿ. ನಾನು ಚಿಕ್ಕವಳಾದೆ ಅನ್ನುವುದು ಕಚೇರಿಯ ಬಾಗಿಲಲ್ಲಿ ಅವಮಾನದ ಹಾಗೆ ಕಾಣುತ್ತದೆ, ನವಲಗುಂದದ ಬಯಲಿನಲ್ಲಿ ಅದೇ ನೆಮ್ಮದಿ ಕೊಡುತ್ತದೆ.

ರಜೆಯ ಬಗ್ಗೆ ಒಂದು ಮಾತು. 300 ದಿನಕ್ಕಿಂತ ಹೆಚ್ಚಿನ ಗಳಿಕೆ ರಜೆಗೆ ನಿವೃತ್ತಿಯಲ್ಲಿ ಹಣ ಸಿಗುವುದಿಲ್ಲ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹೆಚ್ಚಿಗೆ ಇರುವುದನ್ನು ಸಾಯಲು ಬಿಡಬೇಡಿ, ಜೂನ್‌ನಲ್ಲಿ ಸ್ವಲ್ಪ, ಡಿಸೆಂಬರಿನಲ್ಲಿ ಸ್ವಲ್ಪ ತೆಗೆದುಕೊಳ್ಳಿ. ಕೊನೆಯ ತಿಂಗಳುಗಳಲ್ಲಿ ಪಿಂಚಣಿ ಕಾಗದ, ಚಾರ್ಜ್ ಕೊಡುವ ಗಡಿಬಿಡಿ ಇದ್ದೇ ಇರುತ್ತದೆ.

ಕೊನೆಗೆ ಮಗಳು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಕಷ್ಟದ ವಿಷಯ ಇದೇ. ಗಂಡಸರಿಗೆ ನಿವೃತ್ತಿ ಅಂದರೆ ವಿಶ್ರಾಂತಿ, ಹೆಂಗಸರಿಗೆ ಇನ್ನೊಂದು ಮನೆಯ ಅಡುಗೆಮನೆ ಅಂತ ನಮ್ಮ ಸಮಾಜ ಮೊದಲೇ ಠರಾವು ಪಾಸ್ ಮಾಡಿಟ್ಟಿದೆ. ಮೊಮ್ಮಗುವಿನ ಜೊತೆಗಿರುವುದು ದೊಡ್ಡ ಸುಖ, ಅದನ್ನು ಕಳೆದುಕೊಳ್ಳಬೇಡಿ. ಮಗಳಿಗೆ ನಿಜಕ್ಕೂ ನೆರವು ಬೇಕಾಗಿದೆ. ಆದರೆ ‘ಬಂದುಬಿಡು’ ಅನ್ನುವುದಕ್ಕೂ ‘ಬಂದು ಇರು’ ಅನ್ನುವುದಕ್ಕೂ ಅಂತರವಿದೆ. ಧಾರವಾಡದ ಮನೆ ಬೀಗ ಹಾಕಿ ಅಥವಾ ಬಾಡಿಗೆಗೆ ಕೊಟ್ಟು ಹೋದರೆ ತಿರುಗಿ ಬರುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ. ಗೆಳತಿಯರು, ಪರಿಚಯದ ಡಾಕ್ಟರು, ಕಾಯಿಪಲ್ಲೆಯವಳು ಎಲ್ಲ ಒಂದೊಂದಾಗಿ ದೂರವಾಗುತ್ತಾರೆ. ಅದಕ್ಕೇ ಈ ಒಂದು ವರ್ಷ ನೋಡುತ್ತ ನೋಡುತ್ತ ಯಾವ ತಿಂಗಳು ಧಾರವಾಡ ಬಿಡಲಾರೆ ಅನ್ನುವುದನ್ನು ಗೊತ್ತು ಮಾಡಿಕೊಳ್ಳಿ. ನನ್ನ ಊಹೆ, ಅದು ಮಿರಗದಿಂದ ಶ್ರಾವಣದವರೆಗೆ ಮತ್ತು ಎಳ್ಳ ಅಮಾವಾಸ್ಯೆಯ ಸುತ್ತಮುತ್ತ ಇದ್ದೀತು. ಉಳಿದ ತಿಂಗಳು ಬೆಂಗಳೂರಿಗೆ ಸಂತೋಷದಿಂದ ಹೋಗಿ.

ಬೆಂಗಳೂರಿನಲ್ಲಿ ನೋಡುವುದಕ್ಕೇನಿದೆ ಅನ್ನಬೇಡಿ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಅವರು ವರ್ಷವಿಡೀ ಒಂದಲ್ಲ ಒಂದು ಬೀದಿಮರ ಹೂ ಬಿಟ್ಟಿರಬೇಕು ಅಂತ ಲೆಕ್ಕ ಹಾಕಿ ಮರ ಹಾಕಿಸಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಲಕ್ಷಗಟ್ಟಲೆ ಗಿಡ ನೆಡಿಸಿ ಆ ಊರನ್ನು ಮತ್ತೆ ಹಸಿರು ಮಾಡಿದರು. ಜನವರಿಯಲ್ಲಿ ಗುಲಾಬಿ ಬಣ್ಣದ ಟಬೆಬುಯಾ, ಫೆಬ್ರುವರಿ ಮಾರ್ಚಿಗೆ ಹಳದಿ ಟಬೆಬುಯಾ ಮತ್ತು ಜಕರಂಡ, ಏಪ್ರಿಲ್ ಮೇಗೆ ಗುಲ್‌ಮೊಹರ್, ಹೊಳೆದಾಸವಾಳ. ಮಗುವನ್ನು ಸಂಜೆ ತಿರುಗಾಡಿಸುವ ರಸ್ತೆಯಲ್ಲೇ ಒಂದು ಮರ ಗೊತ್ತು ಮಾಡಿಕೊಳ್ಳಿ. ಡೈರಿ ಅಲ್ಲಿಗೂ ಬರಲಿ.

ಈ ಮಾತನ್ನು ಮಗಳಿಗೆ ಮೇ ತಿಂಗಳ ಬೀಳ್ಕೊಡುಗೆ ಸಮಾರಂಭದ ಮರುದಿನ ಹೇಳಬೇಡಿ. ಅಷ್ಟರಲ್ಲಿ ಅವಳು ನಿಮ್ಮನ್ನೇ ನಂಬಿ ಎಲ್ಲ ಏರ್ಪಾಟು ಮಾಡಿಕೊಂಡಿರುತ್ತಾಳೆ. ಈ ದೀಪಾವಳಿಗೆ ಊರಿಗೆ ಬಂದಾಗಲೇ ಕೂರಿಸಿಕೊಂಡು, ಇಂತಿಂಥ ತಿಂಗಳು ಬರುತ್ತೇನೆ, ಇಂತಿಂಥ ತಿಂಗಳು ಬರುವುದಿಲ್ಲ, ಆಗ ಮಗುವಿಗೆ ಬೇರೆ ವ್ಯವಸ್ಥೆ ನೋಡಿಕೋ ಅಂತ ಹೇಳಿ. ಅಳಿಯನೂ ಪಕ್ಕದಲ್ಲಿರಲಿ.